ಎರಡು ಕೀಮೋ ನಡುವೆ, ಮನೆಯಲ್ಲಿ ಇಬ್ಬರೇ

ಪ್ರಶ್ನೆ: ನಾನು ಕಲಬುರಗಿಯ ಒಂದು ಬೇಳೆ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ವಯಸ್ಸು 56. ಶ್ರಾವಣದಲ್ಲಿ ನಮ್ಮ ಮನೆಯವರಿಗೆ ಎದೆಯ ಗಡ್ಡೆಯ ಆಪರೇಷನ್ ಆಯಿತು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಈಗ 21 ದಿನಕ್ಕೊಮ್ಮೆ ಕೀಮೋ. ಎರಡು ಮುಗಿದಿವೆ. ಕೆಂಪು ಔಷಧಿ ಇನ್ನೂ ಎರಡು ಸಲ ಇದೆ, ಆಮೇಲೆ ಬೇರೆ ಔಷಧಿ ಅಂದಿದ್ದಾರೆ. ಹೊಸ ತೊಗರಿ ಬರುವ ತನಕ ಮಿಲ್‌ನಲ್ಲಿ ಕೆಲಸ ಕಮ್ಮಿ, ಹಾಗಾಗಿ ಮಧ್ಯಾಹ್ನವೇ ಮನೆಗೆ ಬರುತ್ತೇನೆ. ಇಬ್ಬರೂ ಪಡಸಾಲೆಯಲ್ಲಿ ಕೂತಿರುತ್ತೇವೆ. ಹೆಚ್ಚು ಮಾತಿಲ್ಲ. ಆಕೆ ಮಲಗುತ್ತಾಳೆ, ನಾನು ಪೇಪರ್ ಓದುತ್ತೇನೆ. ಹೀಗೆ ಸುಮ್ನೆ ಇರೋದು ಸರೀನಾ, ಅಥವಾ ಮಾತಾಡಿಸಿ ನಗಿಸುತ್ತಿರಬೇಕಾ? ದಸರಾ, ದೀಪಾವಳಿಗೆ ಮಂದಿ ಬರುತ್ತಾರೆ. ಬೆಂಗಳೂರಿನಿಂದ ಮಗಳೂ ಬರ್ತೀನಿ ಅಂತಿದ್ದಾಳೆ, ಅವಳು ಬಸುರಿ. ಬೇಡ ಅನ್ನಬೇಕಾ? ಇನ್ನೊಂದು ಮಾತು ಕೇಳಲು ನಾಚಿಕೆಯಾಗುತ್ತದೆ. ಮದುವೆಯಾಗಿ 30 ವರ್ಷವಾಯಿತು. ಹೀಗೆ ಇಬ್ಬರೇ ಕೂತದ್ದು ನೆನಪಿಲ್ಲ. ಈ ದಿನಗಳು ನನಗೆ ಒಳಗೊಳಗೇ ಹಿತ ಅನಿಸುತ್ತವೆ. ಹೆಂಡತಿ ಜಡ್ಡಿನಲ್ಲಿ ಇರುವಾಗ ಹೀಗನಿಸುವುದು ತಪ್ಪಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ಗಂಡಂದಿರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಹೆಂಗಸರು ಹೇಳುತ್ತಾರೆ. ಸಲೈನ್ ಹಾಕಿಕೊಂಡು ಮಲಗಿದಲ್ಲೇ, "ಈಗ ನೋಡ್ರಿ ಡಾಕ್ಟ್ರೇ, ಇವರು ಮನ್ಯಾಗ ಕುಂಡ್ರಲತ್ತಾರ" ಅನ್ನುತ್ತಾರೆ. ಹಾಗನ್ನುವಾಗ ಅವರ ದನಿಯಲ್ಲಿ ದೂರು ಇರುವುದಿಲ್ಲ. ನಿಮ್ಮ ಮನೆಯವರಿಗೂ ಹೀಗೇ ಅನಿಸುತ್ತಿರಬಹುದು. ಕೇಳಿ ನೋಡಿ. ಕೇಳಲು ಸಂಕೋಚವಾದರೆ ನಿಮಗೆ ಹೀಗನಿಸುತ್ತಿದೆ ಅಂತ ಮೊದಲು ನೀವೇ ಹೇಳಿ. ಕಾಯಿಲೆ ಬಂದದ್ದಕ್ಕೆ ಖುಷಿಯಾಯಿತು ಅಂತ ಯಾರೂ ಅಪಾರ್ಥ ಮಾಡಿಕೊಳ್ಳುವುದಿಲ್ಲ. ಮೂವತ್ತು ವರ್ಷ ಜೊತೆಗಿದ್ದವರಿಗೆ ಅಷ್ಟು ತಿಳಿಯುತ್ತದೆ.

ನಮ್ಮ ಭಾಗದಲ್ಲಿ ಇಂಥ ದಿನಗಳು ಸಿಗುತ್ತಿರುವುದೇ ಈಚೆಗೆ. ಹಿಂದೆ ಕ್ಯಾನ್ಸರ್ ಅಂದ ಕೂಡಲೇ ಸೊಲ್ಲಾಪುರ, ಹೈದರಾಬಾದ್, ಇಲ್ಲವೇ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರು. ಲಾಡ್ಜ್‌ನಲ್ಲಿ, ಧರ್ಮಶಾಲೆಯಲ್ಲಿ ಉಳಿಯಬೇಕು. ಎರಡು ಕೀಮೋ ನಡುವೆ ಊರಿಗೆ ಬಂದು ಹೋಗುವಷ್ಟರಲ್ಲೇ ರೋಗಿ ಹಣ್ಣಾಗುತ್ತಿದ್ದರು. ಈಗ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಬೆಳಿಗ್ಗೆ ಹೋಗಿ ಔಷಧಿ ಏರಿಸಿಕೊಂಡು ಸಂಜೆಗೆ ತಮ್ಮದೇ ಮಂಚದ ಮೇಲೆ ಮಲಗಲು ಆಗುತ್ತದೆ. ಹಾಗಾಗಿ ಆರೈಕೆಯ ಜಾಸ್ತಿ ಭಾಗ ಆಸ್ಪತ್ರೆಯಿಂದ ಪಡಸಾಲೆಗೆ ಬಂದಿದೆ. ಆ ಭಾಗ ಏನು, ಹೇಗೆ ಅಂತ ಮನೆಯವರಿಗೆ ಯಾರೂ ಕೂರಿಸಿ ಹೇಳುವುದಿಲ್ಲ.

ಸುಮ್ಮನೆ ಇರಬಹುದಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಇವತ್ತು 21ರಲ್ಲಿ ಎಷ್ಟನೇ ದಿನ ಅನ್ನುವುದು ನಿಮಗೆ ಗೊತ್ತಿರಬೇಕು. ಅದು ಗೊತ್ತಿದ್ದವರು ನೆಮ್ಮದಿಯಿಂದ ಕೂರುತ್ತಾರೆ. ಗೊತ್ತಿಲ್ಲದವರು ಎಲ್ಲ ದಿನವೂ ಒಂದೇ ಥರ ಹೆದರುತ್ತಾರೆ, ಇಲ್ಲವೇ ಹೆದರಬೇಕಾದ ದಿನ ಹೆದರುವುದಿಲ್ಲ. ಅಡುಗೆಮನೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ಕೀಮೋ ಕೊಟ್ಟ ದಿನಕ್ಕೆ 1 ಅಂತ ಬರೆದು, ಅಲ್ಲಿಂದ 21ರ ತನಕ ಪೆನ್ಸಿಲ್‌ನಲ್ಲಿ ಎಣಿಕೆ ಹಾಕಿ. ಲೆಕ್ಕ ಬರೆಯುವವರು ನೀವು, ಇದು ಕಷ್ಟವಲ್ಲ.

ಮೊದಲ ಎರಡು ಮೂರು ದಿನ ಅವರು ನಿಮಗೆ ಆಶ್ಚರ್ಯ ಆಗುವಷ್ಟು ಚುರುಕಾಗಿರಬಹುದು. ರಾತ್ರಿ ನಿದ್ದೆ ಇಲ್ಲ, ಮಾತು ಜಾಸ್ತಿ, ಮುಖ ಕೆಂಪು. ಅದು ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯ ಕೆಲಸ. ಆ ಮಾತ್ರೆಯನ್ನು ಬೆಳಿಗ್ಗೆ, ಮಧ್ಯಾಹ್ನದ ಒಳಗೆ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಎಷ್ಟೋ ಜನರ ನಿದ್ದೆ ಅಷ್ಟಕ್ಕೇ ಸರಿಹೋಗುತ್ತದೆ. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ಡಾಕ್ಸೊರುಬಿಸಿನ್ ಅನ್ನುವ ಆ ಕೆಂಪು ಔಷಧಿಯ ಬಣ್ಣ, ರಕ್ತವಲ್ಲ. ಅದರ ಜೊತೆಗೆ ಸಾಮಾನ್ಯವಾಗಿ ಕೊಡುವ ಸೈಕ್ಲೋಫಾಸ್ಫಮೈಡ್ ಮೂತ್ರಕೋಶಕ್ಕೆ ಉರಿ ತರಬಲ್ಲದು. ಹಾಗಾಗಿ ನೀರು, ಮಜ್ಜಿಗೆ, ತಿಳಿ ಸಾರು ಏನಾದರೂ ಆಗಾಗ ಕುಡಿಸುತ್ತಿರಿ, ಮೂತ್ರ ತಡೆದುಕೊಳ್ಳಲು ಬಿಡಬೇಡಿ. ಕೀಮೋ ಆದ 48 ಗಂಟೆ ಮೂತ್ರ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಶೌಚಾಲಯಕ್ಕೆ ನೀರು ಜಾಸ್ತಿ ಹಾಕಿ. ವಾಂತಿ ಒರೆಸುವಾಗ, ಹೊಲಸಾದ ಬಟ್ಟೆ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಆ ಬಟ್ಟೆ ಬೇರೆ ಒಗೆಯಿರಿ. ಇಷ್ಟೇ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಕೋಣೆ ಏನೂ ಬೇಡ. ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ. ಬಾಜೂಕೆ ಕೂರಿ, ಕೈ ಹಿಡಿಯಿರಿ, ಒಂದೇ ಮಂಚದ ಮೇಲೆ ಮಲಗಿ. ಕಾಳಜಿ ಅಂತ ದೂರ ಮಲಗುವ ಗಂಡಂದಿರಿದ್ದಾರೆ. ಹೆಂಡತಿಗೆ ಅದು ಬೇರೆಯೇ ಥರ ತಟ್ಟುತ್ತದೆ.

ನಾಲ್ಕನೇ ದಿನದ ಸುಮಾರಿಗೆ ಆ ಚುರುಕು ಇಳಿಯುತ್ತದೆ. ಸುಸ್ತು ಅಂದರೆ ಎದ್ದು ಹೋಗಿ ಮುಖ ತೊಳೆಯಲೂ ಬೇಜಾರು ಅನಿಸುವಂಥ ಸುಸ್ತು. ನಿದ್ದೆ ಮಾಡಿದರೂ ಹೋಗುವುದಿಲ್ಲ. ಬಾಯಿ ರುಚಿ ಕೆಡುತ್ತದೆ. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಮಾತ್ರೆಯಿಂದ ಮಲಬದ್ಧತೆ ಬರುತ್ತದೆ. ಅದನ್ನು ಹೇಳಿಕೊಳ್ಳಲು ನಾಚಿ ನಾಲ್ಕೈದು ದಿನ ಸುಮ್ಮನಿರುವ ಹೆಂಗಸರೇ ಜಾಸ್ತಿ. ನೀವೇ ಕೇಳಿ. ಡಾಕ್ಟರು ಮೊದಲೇ ಬರೆದುಕೊಟ್ಟ ಸಿರಪ್ ಇದ್ದರೆ ಕೊಡಿ, ಇಲ್ಲದಿದ್ದರೆ ಫೋನ್ ಮಾಡಿ. ಮನೆಯಲ್ಲಿ ಎನಿಮಾ ಮಾತ್ರ ಕೊಡಬೇಡಿ. ಈ ದಿನಗಳಲ್ಲಿ ಅದರಿಂದ ಸಣ್ಣ ಗಾಯವಾದರೂ ಸೋಂಕಿಗೆ ದಾರಿಯಾಗುತ್ತದೆ. ನಗಿಸುವ ಪ್ರಯತ್ನವನ್ನೂ ಈ ದಿನಗಳಲ್ಲಿ ಬಿಡಿ. ಮಾತಿಗೆ ಉತ್ತರ ಕೊಡುವುದೂ ಅವರಿಗೆ ಕೆಲಸ. ನಿಮ್ಮ ಪೇಪರ್ ಓದುತ್ತಾ ಅಲ್ಲೇ ಕೂತಿರುವುದೇ ಸಾಕು.

ಇನ್ನು ಹೇಳುವುದನ್ನು ಗಮನ ಇಟ್ಟು ಓದಿ. ಏಳನೇ ದಿನದಿಂದ ಹದಿನಾಲ್ಕನೇ ದಿನದ ತನಕ ರಕ್ತದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳು ತೀರಾ ಕಮ್ಮಿಯಾಗುತ್ತವೆ. ಈ ಕೆಂಪು ಔಷಧಿಯಲ್ಲಿ ಹತ್ತರಿಂದ ಹದಿನಾಲ್ಕನೇ ದಿನ ಅದು ತಳ ಮುಟ್ಟುತ್ತದೆ. ಮೋಸ ಏನೆಂದರೆ, ಇದೇ ಹೊತ್ತಿಗೆ ವಾಂತಿ ನಿಂತಿರುತ್ತದೆ, ಬಾಯಿಗೆ ರುಚಿ ಬರುತ್ತಿರುತ್ತದೆ, ಅವರು ಎದ್ದು ಓಡಾಡುತ್ತಾರೆ. "ಈಗ ಆರಾಮ ಅದೀನಿ, ಬಜಾರಕ್ಕ ಹೋಗಿ ಬರೋಣ" ಅನ್ನುತ್ತಾರೆ. ನೋಡಲು ಬರುವವರೂ, ಕೀಮೋ ಆಗಿ ಒಂದು ವಾರ ಆಯ್ತಲ್ಲ, ಈಗ ಹೋಗೋಣ ಅಂತ ಸರಿಯಾಗಿ ಇದೇ ವಾರ ಬರುತ್ತಾರೆ. ಮೈ ಆರಾಮ ಅನಿಸುವುದಕ್ಕೂ ರಕ್ತದ ಲೆಕ್ಕಕ್ಕೂ ಸಂಬಂಧ ಇಲ್ಲ. ಮೂರು ವಾರದಲ್ಲಿ ಮನೆ ನಿಜವಾಗಿ ಶಾಂತವಾಗಿ ಇರಬೇಕಾದದ್ದು ಈ ನಡುವಿನ ವಾರ.

ಈ ವಾರ ಒಂದು ಡಿಜಿಟಲ್ ಥರ್ಮಾಮೀಟರ್ ಪಡಸಾಲೆಯಲ್ಲೇ ಇರಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾಲಿಗೆಯ ಕೆಳಗೆ ಇಟ್ಟು ನೋಡಿ. ಚಹಾ ಕುಡಿದ ಕೂಡಲೇ ಬೇಡ, ಸ್ವಲ್ಪ ಹೊತ್ತು ಬಿಡಿ. ಚಳಿ ಅಂದರೆ, ಮೈ ಕೈ ನೋವು ಅಂದರೆ ಆಗಲೂ ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಒಂದೇ ಒಂದು ಸಲ ಬಂದರೂ ಅದು ತುರ್ತು. 100ರ ಆಸುಪಾಸಿನಲ್ಲೇ ಒಂದು ಗಂಟೆ ನಿಂತರೂ ಅಷ್ಟೇ. ಬೆಳಗಾಗಲಿ ಅಂತ ಕಾಯಬೇಡಿ. ಕ್ರೋಸಿನ್, ಡೋಲೋ ಕೊಟ್ಟು ನೋಡೋಣ ಅನ್ನಬೇಡಿ, ಅದು ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ನಮ್ಮಲ್ಲಿ ಮಳೆಗಾಲ ಮುಗಿಯುವ ಈ ತಿಂಗಳುಗಳಲ್ಲಿ ಡೆಂಗಿ, ಮಲೇರಿಯಾ, ನೆಗಡಿ ಜ್ವರ ಎಲ್ಲವೂ ಓಣಿಯಲ್ಲಿ ಇರುತ್ತವೆ. "ಎಲ್ಲರ ಮನ್ಯಾಗೂ ಜ್ವರ ಅದಾವ, ಇದೂ ಅದೇ ಇರ್ಬೇಕು" ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅವರ ಮಾತು ಬಿಡಿ. ಸೊಳ್ಳೆಪರದೆ ಕಟ್ಟಿ. ಆಸ್ಪತ್ರೆಗೆ ಹೋದಾಗ ಚೀಟಿ ಮಾಡಿಸುವ ಜಾಗದಲ್ಲೇ ಮೊದಲ ಮಾತು ಇದಾಗಿರಲಿ: ಕೀಮೋ ನಡೆದಿದೆ, ಇದು ಇಷ್ಟನೇ ದಿನ, ಜ್ವರ ಇಷ್ಟು. ಬರೀ ಜ್ವರ ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. ಇಂಥ ಜ್ವರದಲ್ಲಿ ಮೊದಲ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಬೀಳಬೇಕು ಅನ್ನುವುದು ನಮ್ಮ ಲೆಕ್ಕ. ಕಾಗದಪತ್ರದ ಫೈಲ್, ಆಧಾರ್, ಒಂದು ಜೊತೆ ಬಟ್ಟೆ ಚೀಲದಲ್ಲಿ ಕಟ್ಟಿ ಬಾಗಿಲ ಹಿಂದೆ ತೂಗುಹಾಕಿಡಿ. ರಾತ್ರಿ ಗಾಡಿ ಸಿಗದಿದ್ದರೆ 108.

ಜ್ವರದ ಹಾಗೆಯೇ ತಡಮಾಡಬಾರದವು ಇನ್ನೂ ಕೆಲವು ಇವೆ. ನೀರೂ ನಿಲ್ಲದಷ್ಟು ವಾಂತಿ, ನಿಲ್ಲದ ಭೇದಿ, ವಸಡಿನಿಂದ ಅಥವಾ ಮೂಗಿನಿಂದ ರಕ್ತ, ಉಸಿರು ಹಿಡಿಯುವುದು, ಎದೆನೋವು, ಮಾತಿನಲ್ಲಿ ಗೊಂದಲ. ಇವು ಇಲ್ಲವಾ, ಥರ್ಮಾಮೀಟರ್ ಸರಿಯಾಗಿದೆಯಾ, ಹಾಗಾದರೆ ಆ ಸಂಜೆ ನೀವು ನಿಶ್ಚಿಂತೆಯಿಂದ ಸುಮ್ಮನೆ ಕೂರಬಹುದು. ನಿಮ್ಮ ಕೆಲಸ ಮುಗಿದಿದೆ.

ಹದಿನೈದರಿಂದ ಇಪ್ಪತ್ತೊಂದು ಒಳ್ಳೆಯ ದಿನಗಳು. ಮಾತು, ಓಡಾಟ, ಬಂದು ಹೋಗುವ ಮಂದಿ, ಇಷ್ಟದ ಊಟ ಎಲ್ಲವನ್ನೂ ಈ ವಾರಕ್ಕೆ ಇಟ್ಟುಕೊಳ್ಳಿ. ಮುಂದಿನ ಕೀಮೋ ಹಿಂದಿನ ದಿನ ರಕ್ತ ಪರೀಕ್ಷೆ ಮಾಡುತ್ತಾರೆ. ಕಣಗಳು ಇನ್ನೂ ಏರಿಲ್ಲದಿದ್ದರೆ ಒಂದು ವಾರ ಮುಂದೆ ಹಾಕಬಹುದು. ಅದನ್ನು ಕೆಟ್ಟ ಸುದ್ದಿ ಅಂತ ತಿಳಿಯಬೇಡಿ. ಆಗಾಗ ಆಗುವಂಥದ್ದೇ.

ಈಗ ಹಬ್ಬದ ವಿಷಯ. ಪಂಚಾಂಗದಲ್ಲಿ ಹಬ್ಬ ಯಾವತ್ತು ಅನ್ನುವುದಕ್ಕಿಂತ ನಿಮ್ಮ ಕ್ಯಾಲೆಂಡರ್‌ನಲ್ಲಿ ಅದು ಎಷ್ಟನೇ ದಿನಕ್ಕೆ ಬೀಳುತ್ತದೆ ನೋಡಿ. ಮೂರನೇ ವಾರಕ್ಕೆ ಬಿದ್ದರೆ ಹಬ್ಬ ಮಾಡಿ. ನಡುವಿನ ವಾರಕ್ಕೆ ಬಿದ್ದರೆ ಬನ್ನಿಯ ದಿನ ಹುಷಾರು. ಸಂಜೆಯಿಂದ ರಾತ್ರಿ ತನಕ ಓಣಿಯ ಮಂದಿ, ಬೀಗರು, ಮಿಲ್‌ನವರು ಎಲ್ಲ ಬರುತ್ತಾರೆ. ಕೈಗೆ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಅಂತ ಅಪ್ಪಿಕೊಳ್ಳುತ್ತಾರೆ, ಸಣ್ಣವರು ಕಾಲು ಮುಟ್ಟುತ್ತಾರೆ. ಬಾಗಿಲು ಹಾಕಿಕೊಂಡು ಕೂರಿ ಅಂತ ನಾನು ಹೇಳುವುದಿಲ್ಲ, ಅದು ನಮ್ಮ ಊರಲ್ಲಿ ಆಗದ ಮಾತು. ಹೊರಗಿನ ಕಟ್ಟೆಯ ಮೇಲೆ, ಗಾಳಿ ಆಡುವಲ್ಲಿ ಕುರ್ಚಿ ಹಾಕಿ. ಮುಂದೆ ಒಂದು ತಾಟು ಇಡಿ. ಬಂದವರು ಬನ್ನಿಯನ್ನು ಅದರಲ್ಲಿ ಹಾಕಿ ದೂರದಿಂದಲೇ ಕೈ ಮುಗಿಯಲಿ. ನೆಗಡಿ, ಕೆಮ್ಮು, ಜ್ವರ ಇದ್ದವರು, ಮೈಮೇಲೆ ಅಮ್ಮ ಎದ್ದ ಮಕ್ಕಳು ಇರುವ ಮನೆಯವರು ಬರುವುದೇ ಬೇಡ. ಇದನ್ನು ನೀವೇ ಮೊದಲೇ ಫೋನ್ ಮಾಡಿ ಹೇಳಿ. ನಿಮ್ಮ ಮನೆಯವರ ಬಾಯಿಂದ ಹೇಳಿಸಬೇಡಿ, ಅವರು ಹೇಳುವುದಿಲ್ಲ.

ಕೆಲವರು ಹಬ್ಬಕ್ಕಾಗಿ ಕೀಮೋವನ್ನೇ ಹಿಂದೆ ಮುಂದೆ ಮಾಡಿಕೊಳ್ಳುತ್ತಾರೆ. ಹಬ್ಬ ಮುಗಿಸಿ ಹೋದರಾಯ್ತು ಅಂತ ಹತ್ತು ದಿನ ತಪ್ಪಿಸುತ್ತಾರೆ. ಆಪರೇಷನ್ ಆದ ಮೇಲೆ ಕೊಡುವ ಈ ಕೀಮೋ ಮತ್ತೆ ಗಡ್ಡೆ ಬಾರದಿರಲಿ ಅಂತ ಕೊಡುವುದು. ಅದಕ್ಕೆ ಲೆಕ್ಕ ತಪ್ಪಬಾರದು. ಒಂದೆರಡು ದಿನದ ಹೊಂದಾಣಿಕೆ ಬೇಕಿದ್ದರೆ ಡಾಕ್ಟರನ್ನು ಕೇಳಿ, ನೀವೇ ನಿರ್ಧಾರ ಮಾಡಬೇಡಿ.

ನವರಾತ್ರಿಯಲ್ಲಿ ಇನ್ನೊಂದಿದೆ, ನೀವು ಬರೆದಿಲ್ಲ. ಬಹುಶಃ ಗಮನಿಸಿಲ್ಲ. ಕೆಂಪು ಔಷಧಿ ಶುರುವಾದ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ. ಈಗ ನಿಮ್ಮ ಮನೆಯವರ ತಲೆಯಲ್ಲಿ ಕೂದಲು ಇರಲಿಕ್ಕಿಲ್ಲ. ನವರಾತ್ರಿಯಲ್ಲಿ ಓಣಿಯ ಹೆಣ್ಣುಮಕ್ಕಳು ಮುತ್ತೈದೆಯರನ್ನು ಕರೆದು ಉಡಿ ತುಂಬುತ್ತಾರೆ. ತಲೆ ಬೋಳಾದ ಹೆಂಗಸನ್ನು ನಮ್ಮ ಕಡೆ ಯಾವ ಕಣ್ಣಿನಿಂದ ನೋಡುತ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. "ಬೋಳ್ ತಲಿ ಇಟ್ಕೊಂಡು ಕುಂಕುಮ ಹಚ್ಚಿಸ್ಕೊಳ್ಳಾಕ ಹ್ಯಾಂಗ ಹೋಗ್ಲಿ" ಅಂತ ಒಬ್ಬ ತಾಯಿ ನನ್ನ ಮುಂದೆ ಅತ್ತದ್ದಿದೆ. ಕೀಮೋ ತಡೆದುಕೊಂಡವರು, ಆಪರೇಷನ್‌ಗೆ ಹೆದರದವರು. ಗಂಡನಿಗೆ ಗೊತ್ತೇ ಇರಲಿಲ್ಲ. ಸುಸ್ತಾಗಿದೆ ಅದಕ್ಕೆ ಹೋಗಲಿಲ್ಲ ಅಂತ ಅವರು ತಿಳಿದಿದ್ದರು.

ನೀವು ಮಾಡಬಹುದಾದದ್ದು ಸಣ್ಣದು. ಸೆರಗು ಹೊದ್ದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ, ಅದರ ಒಳಗೆ ಮೆತ್ತನೆಯ ಹತ್ತಿ ಬಟ್ಟೆಯ ಟೊಪ್ಪಿಗೆ ಹೊಲಿಸಿಕೊಡಿ. ಈಗ ನಸುಕಿನಲ್ಲಿ ತಂಪು ಶುರುವಾಗುತ್ತದೆ, ಕೂದಲಿಲ್ಲದ ತಲೆಗೆ ಚಳಿ ಬೇಗ ಹತ್ತುತ್ತದೆ. ಹತ್ತಿರದ ಒಬ್ಬ ಗೆಳತಿಗೆ ಹೇಳಿ, ಮನೆಗೇ ಬಂದು ಉಡಿ ತುಂಬಲಿ. ಇಬ್ಬರು ಸಾಕು, ಹತ್ತು ಮಂದಿ ಬೇಡ. ಬಳೆ ಇಡಿಸುವಾಗ ಆಪರೇಷನ್ ಆದ ಕಡೆಯ ಕೈ ಬಿಡಿ, ಇನ್ನೊಂದು ಕೈಗೆ ಇಡಲಿ. ಕಂಕುಳಿನ ಗಂಟು ತೆಗೆದ ಕೈಯಲ್ಲಿ ನೀರು ತುಂಬಿ ಊದಿಕೊಳ್ಳುವ ಸಾಧ್ಯತೆ ಇರುತ್ತದೆ. ಬಿಗಿ ಬಳೆ, ಗಾಜು ಚುಚ್ಚಿದ ಗಾಯ, ರೊಟ್ಟಿ ಹಂಚಿನ ಸುಟ್ಟ ಗಾಯ, ತುಂಬಿದ ಕೊಡ, ಬಿಪಿ ಪಟ್ಟಿ, ಇಂಜೆಕ್ಷನ್ ಯಾವುದೂ ಆ ಕೈಗೆ ಬೇಡ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಕೈ ಎತ್ತುವ ವ್ಯಾಯಾಮ ಮಾತ್ರ ದಿನಾ ನಡೆಯಲಿ. ಕೂದಲು ಮತ್ತೆ ಬರುತ್ತದೆ, ಔಷಧಿ ಎಲ್ಲ ಮುಗಿದ ಕೆಲವು ತಿಂಗಳಿಗೆ. ಅದನ್ನು ಹೇಳಿ, ಆದರೆ ಹೇಳಿ ಮಾತು ಮುಗಿಸಿಬಿಡಬೇಡಿ. ಈಗ ಅಳಬೇಕು ಅನಿಸಿದರೆ ಅಳಲಿ.

ಮಗಳು ಬರಲಿ. ಬೇಡ ಅನ್ನಲು ಕಾರಣವಿಲ್ಲ. ಕೀಮೋ ತೆಗೆದುಕೊಂಡ ತಾಯಿಯ ಪಕ್ಕ ಕೂತರೆ, ಅಪ್ಪಿಕೊಂಡರೆ ಹೊಟ್ಟೆಯಲ್ಲಿನ ಕೂಸಿಗೆ ಏನೂ ಆಗುವುದಿಲ್ಲ. ಆ ಮೊದಲ ಎರಡು ದಿನದ ವಾಂತಿ, ಮೂತ್ರ, ಬಟ್ಟೆಯನ್ನು ಅವಳು ಮುಟ್ಟಬಾರದು, ಅಷ್ಟೇ. ಕೀಮೋ ಮಾತ್ರೆ ಏನಾದರೂ ಇದ್ದರೆ ಅದನ್ನೂ ಅವಳು ಕೈಯಲ್ಲಿ ಹಿಡಿಯಬಾರದು. ಹಾಗಾಗಿ ಮೂರನೇ ವಾರ ನೋಡಿ ಟಿಕೆಟ್ ಮಾಡಿಸಲು ಹೇಳಿ. ರೈಲಿನಲ್ಲಿ ಮಾಸ್ಕ್ ಹಾಕಿಕೊಂಡು ಬರಲಿ, ದಾರಿಯಲ್ಲಿ ನೆಗಡಿ ಹತ್ತಿದರೆ ಎರಡು ದಿನ ಬೇರೆ ಕೋಣೆಯಲ್ಲಿ ಇರಲಿ. ತಾಯಿಯ ಎದೆ ಕ್ಯಾನ್ಸರ್ ಮಗಳಿಗೆ ಬರುತ್ತದಾ ಅನ್ನುವ ಪ್ರಶ್ನೆ ಅವಳ ತಲೆಯಲ್ಲಿ ಇದ್ದೇ ಇರುತ್ತದೆ. ಬಹಳಷ್ಟು ಎದೆ ಕ್ಯಾನ್ಸರ್ ವಂಶದಿಂದ ಬಂದದ್ದಲ್ಲ. ಆದರೂ ತಾಯಿಗೆ ಕಾಯಿಲೆ ಆಗಿದೆ ಅಂತ ಅವಳು ತನ್ನ ಡಾಕ್ಟರಿಗೆ ಹೇಳಿಡಬೇಕು.

ದೀಪಾವಳಿಯಲ್ಲಿ ಎಣ್ಣೆ ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು, ತಲೆಯ ಚರ್ಮ ಈಗ ಬಹಳ ಮೆದು. ಪಟಾಕಿ ಹೊಗೆಯ ಹೊತ್ತಿಗೆ ಕಿಟಕಿ ಹಾಕಿ ಒಳಗಿರಲಿ. ದೀಪ ಹಚ್ಚುವುದಕ್ಕೆ ಅಡ್ಡಿಯಿಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಅಡುಗೆ ಈಗ ಯಾರು ಮಾಡುತ್ತಿದ್ದಾರೆ ಅಂತ ನನಗೆ ಕುತೂಹಲ. ನೀವೇ ಮಾಡುತ್ತಿದ್ದರೆ ಒಳ್ಳೆಯದು. ರೊಟ್ಟಿ ಬಡಿಯಲು ಬರದಿದ್ದರೆ ಚಿಂತೆ ಬೇಡ, ಬಿಸಿ ರೊಟ್ಟಿ ಮಾಡಿಕೊಡುವ ಹೆಣ್ಣುಮಕ್ಕಳು ಕಲಬುರಗಿಯಲ್ಲಿ ಬೇಕಾದಷ್ಟು ಇದ್ದಾರೆ. ಬಾಯಿಯಲ್ಲಿ ಹುಣ್ಣು ಇರುವ ದಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಖಾರದ ಝುಣಕ ಬೇಡ. ಮೆತ್ತನೆ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ, ಇಲ್ಲವೇ ಹಾಲಿನಲ್ಲಿ ಚೂರು ಮಾಡಿ ನೆನೆಸಿ ಕೊಡಿ. ಜೋಳದ ನುಚ್ಚು ಮಜ್ಜಿಗೆ, ಮೊಸರನ್ನ ತಣ್ಣಗೆ ಹೋಗುತ್ತವೆ. ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ. ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸುತ್ತದೆ ಅಂದರೆ ಅವರು ಮಲಗಿದಾಗ, ಬಾಗಿಲು ತೆರೆದು ಅಡುಗೆ ಮಾಡಿ. ಮೂರು ಹೊತ್ತು ತುಂಬ ತಿನ್ನಿಸುವ ಬದಲು ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಇರಲಿ. ದೇಹ ದುರಸ್ತಿಯಾಗಲು ಬೇಳೆ, ಕಾಳು, ಹಾಲು, ಮೊಸರು ಬೇಕು, ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಕೂಡ. ನಡುವಿನ ವಾರದಲ್ಲಿ ಊಟದ ಜೊತೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ತೊಪ್ಪಲು, ಮೂಲಂಗಿ ಕಚ್ಚಿಕೊಳ್ಳುವುದನ್ನು ಬಿಡಲಿ. ಸೊಪ್ಪು ಬೇಯಿಸಿ ಕೊಡಿ. ಗಾಡಿಯ ಜ್ಯೂಸ್, ಕತ್ತರಿಸಿಟ್ಟ ಹಣ್ಣು ಯಾವ ವಾರವೂ ಬೇಡ.

ಪಥ್ಯ ಹೇಳುವವರು ಬಹಳ ಮಂದಿ ಬರುತ್ತಾರೆ. ಬದನೆಕಾಯಿ ಬೇಡ, ತುಪ್ಪ ಬೇಡ, ಸಕ್ಕರೆ ತಿಂದರೆ ಗಡ್ಡೆ ಬೆಳೀತದ, ಹೀಗೆ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬೀಳುವುದಿಲ್ಲ, ರೋಗಿ ಉಪವಾಸ ಬೀಳುತ್ತಾರೆ. ಸಕ್ಕರೆ ಕಾಯಿಲೆ ಇದ್ದವರ ಮಾತು ಬೇರೆ. ಬೇರಿನ ಔಷಧಿ, ಕಷಾಯ, ಪುಡಿ ಯಾರಾದರೂ ತಂದುಕೊಟ್ಟರೆ ಜಗಳ ಬೇಡ, ಇಸಿದುಕೊಂಡು ಎತ್ತಿಡಿ. ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಕೆಲವು ಲಿವರ್ ಕೆಡಿಸುತ್ತವೆ, ಕೆಲವು ಕೀಮೋ ಔಷಧಿಯ ಕೆಲಸಕ್ಕೇ ಅಡ್ಡ ಬರುತ್ತವೆ.

ಎಲ್ಲ ಕೆಲಸವನ್ನೂ ಅವರ ಕೈಯಿಂದ ಕಿತ್ತುಕೊಳ್ಳಬೇಡಿ ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಮನೆ ನಡೆಸಿದವರು ಅವರು. ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಉಪ್ಪು ಎಷ್ಟು ಅಂತ ಕೇಳಿ. ಬೇಳೆ ಆರಿಸಿಕೊಡಲಿ. ಕೂತು ಆಗುವ ಕೆಲಸ ಯಾವುದಾದರೂ ಸರಿ. ಆಪರೇಷನ್ ಆದ ಕೈಗೆ ಸೂಜಿ ಚುಚ್ಚುವ ಭಯ ಇರುವುದರಿಂದ ಕೌದಿ ಹೊಲಿಯುವುದು ಮಾತ್ರ ಸದ್ಯಕ್ಕೆ ಬೇಡ. ಸುಸ್ತಿಗೆ ಮಲಗುವುದಕ್ಕಿಂತ ನಡೆಯುವುದು ಮೇಲು ಅನ್ನುವುದು ಹಲವು ಅಧ್ಯಯನಗಳಲ್ಲಿ ಕಂಡದ್ದು. ಮೊದಲ ವಾರ ಮನೆಯ ಅಂಗಳದಲ್ಲಿ ಹತ್ತು ನಿಮಿಷ. ಮೂರನೇ ವಾರ ಸಂಜೆ ಬಿಸಿಲು ಇಳಿದ ಮೇಲೆ ಅಪ್ಪನ ಕೆರೆಯ ದಂಡೆಗೆ ಕರೆದುಕೊಂಡು ಹೋಗಿ, ಗದ್ದಲ ಕಮ್ಮಿ ಇರುವ ದಿನ ನೋಡಿ. ಹೊಲ ಇದ್ದರೆ, ಇಲ್ಲ ಗೆಳೆಯರ ಹೊಲವಾದರೂ ಸರಿ, ತೊಗರಿ ಹೂ ಬಿಟ್ಟಿರುವ ಕಾಲ ಇದು. ಬದುವಿನ ಮೇಲೆ ಅರ್ಧ ತಾಸು ಕೂತು ಬನ್ನಿ. ಮಣ್ಣು, ಗೊಬ್ಬರ, ಸಗಣಿ ಕೈಯಲ್ಲಿ ಮುಟ್ಟದಿದ್ದರೆ ಆಯಿತು.

ಮಾತಿಲ್ಲ ಅಂದಿರಿ. ಸುಸ್ತಿನ ಮೌನಕ್ಕೆ ಹೆದರಬೇಕಿಲ್ಲ. ನೋಡಬೇಕಾದದ್ದು ಬೇರೆ ಒಂದಿದೆ. ನಿಮಗೆ ನೋವಾಗಬಾರದು ಅಂತ ಅವರು, ಅವರಿಗೆ ಭಯ ಆಗಬಾರದು ಅಂತ ನೀವು, ಹೀಗೆ ಇಬ್ಬರೂ ಬಾಯಿ ಕಟ್ಟಿಕೊಂಡು ಕೂರುವ ಮೌನ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳ್ಳೆಯ ವಾರದ ಒಂದು ಸಂಜೆ ಕೇಳಿ: "ರಾತ್ರಿ ಏನ್ ವಿಚಾರ ಮಾಡ್ತಿ?" ಉತ್ತರ ಬರದಿದ್ದರೆ ಬಿಡಿ. ಬಂದರೆ, ಏನೂ ಆಗಲ್ಲ ಬಿಡು ಅಂತ ಬಾಯಿ ಮುಚ್ಚಿಸಬೇಡಿ. ನಾನು ಹೋದರೆ ನಿಮ್ಮನ್ನು ನೋಡೋರು ಯಾರು ಅಂತ ಕೇಳಿದರೂ ಕೇಳಬಹುದು. "ನನಗೂ ಅಂಜಿಕಿ ಆಗ್ತದ" ಅಂದರೆ ಸಾಕು. ಬೇರೆ ಉತ್ತರ ಅವರು ನಿಮ್ಮಿಂದ ಬಯಸುವುದಿಲ್ಲ.

ಮೂರನೇ ವಾರದಲ್ಲೂ ಯಾವುದರಲ್ಲೂ ಮನಸ್ಸಿಲ್ಲ, ಮಗಳ ಫೋನ್ ಬಂದರೂ ತಿರುಗಿ ಮಲಗುತ್ತಾರೆ, ಔಷಧಿ ಸಾಕು ಅನ್ನುತ್ತಾರೆ, ಹೀಗೇ ಎರಡು ವಾರ ನಡೆದರೆ ಅದು ಸುಸ್ತಲ್ಲ, ಖಿನ್ನತೆ ಇರಬಹುದು. ಅದಕ್ಕೂ ಔಷಧಿ ಇದೆ, ಕೀಮೋ ಜೊತೆಗೇ ಕೊಡಬಹುದು. ಮುಂದಿನ ಭೇಟಿಗೆ ಕಾಯದೆ ಹೇಳಿ. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಆ ನಂಬರ್ ನಿಮಗೂ ಸೇರಿದ್ದು. ನೀವು ಕಾಗದದಲ್ಲಿ ನಿಮ್ಮ ನಿದ್ದೆ, ನಿಮ್ಮ ಊಟ, ನಿಮ್ಮ ಬಿಪಿ ಬಗ್ಗೆ ಒಂದು ಅಕ್ಷರ ಬರೆದಿಲ್ಲ. 56 ಅಂದರೆ ನಿಮ್ಮದನ್ನೂ ನೋಡಿಸಿಕೊಳ್ಳುವ ವಯಸ್ಸು. ವಾರಕ್ಕೆ ಒಂದು ಸಂಜೆ ನಾದಿನಿಯನ್ನೋ ಪಕ್ಕದ ಮನೆಯವರನ್ನೋ ಕೂರಿಸಿ ಗೆಳೆಯರ ಜೊತೆ ಚಹಾ ಕುಡಿದು ಬನ್ನಿ.

ಕೊನೆಯದಾಗಿ ಮಿಲ್ ವಿಷಯ. ಡಿಸೆಂಬರ್ ದಾಟಿದರೆ ಗಂಜ್‌ಗೆ ಹೊಸ ತೊಗರಿ ಬರುತ್ತದೆ, ನಿಮಗೆ ರಾತ್ರಿ ತನಕ ಕೆಲಸ. ಆ ಹೊತ್ತಿಗೆ ಕೆಂಪು ಔಷಧಿ ಮುಗಿದು ಎರಡನೇ ಔಷಧಿ ನಡೆಯುತ್ತಿರುತ್ತದೆ. ಸಾಮಾನ್ಯವಾಗಿ ಅದು ಪ್ಯಾಕ್ಲಿಟ್ಯಾಕ್ಸೆಲ್. ಕೆಲವರಿಗೆ ಮೂರು ವಾರಕ್ಕೊಮ್ಮೆ ನಾಲ್ಕು ಸಲ, ಕೆಲವರಿಗೆ ವಾರಕ್ಕೊಮ್ಮೆ 12 ಸಲ ಕೊಡುತ್ತಾರೆ. ನಿಮ್ಮವರಿಗೆ ಯಾವುದು ಅಂತ ಮುಂದಿನ ಭೇಟಿಯಲ್ಲೇ ಕೇಳಿಕೊಳ್ಳಿ, ಏಕೆಂದರೆ ವಾರಕ್ಕೊಮ್ಮೆ ಅಂದರೆ ವಾರಕ್ಕೊಂದು ದಿನ ನಿಮಗೆ ರಜೆ ಬೇಕು. ಅದರಲ್ಲಿ ವಾಂತಿ ಕಮ್ಮಿ. ಮೈಕೈ ನೋವು, ಬೆರಳ ತುದಿ ಮತ್ತು ಅಂಗಾಲು ಜೋಮು ಹಿಡಿಯುವುದು ಜಾಸ್ತಿ. ಜೋಮು ಹಿಡಿದ ಕೈಗೆ ಬಿಸಿ ತಿಳಿಯುವುದಿಲ್ಲ, ಆಗ ಒಲೆಯ ಹತ್ತಿರ ಬಿಡಬೇಡಿ. ಬರಿಗಾಲಲ್ಲಿ ನಡೆಯುವುದೂ ಬೇಡ. ಗುಂಡಿ ಹಾಕಲು ಕಷ್ಟವಾಗುತ್ತಿದೆ ಅಂದ ದಿನವೇ ಡಾಕ್ಟರಿಗೆ ಹೇಳಿ, ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು. ಮಾಲೀಕರ ಹತ್ತಿರ ಈಗಲೇ ಮಾತಾಡಿ, ಸೀಜನ್ ಶುರುವಾದ ಮೇಲೆ ಕೇಳಿದರೆ ಅವರಿಗೂ ಕಷ್ಟ. ಮಗಳಿಗೆ ಆಗ ತಿಂಗಳು ತುಂಬುತ್ತಾ ಬಂದಿರಬಹುದು, ಅವಳ ಮೇಲೆ ಭಾರ ಹಾಕುವಂತಿಲ್ಲ. ಮಧ್ಯಾಹ್ನ ಮನೆಯಲ್ಲಿರಲು ಯಾರು ಬರುತ್ತಾರೆ ಅನ್ನುವುದನ್ನು ದೀಪಾವಳಿಯೊಳಗೆ ಗೊತ್ತು ಮಾಡಿಕೊಳ್ಳಿ. ಯಾರು ಬಂದರೂ ಥರ್ಮಾಮೀಟರ್ ನೋಡುವುದು ಹೇಗೆ, ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಅವರಿಗೆ ಮೊದಲ ದಿನವೇ ತೋರಿಸಿಕೊಡಿ.